ಇಂಗ್ಲಿಷ್ ಅಕ್ಷರಗಳನ್ನು ಸ್ಪಷ್ಟವಾಗಿ ಉಚ್ಚರಿಸಲು ಕಲಿಯುವ ಕ್ರಮ

ಇಂಗ್ಲಿಷಿನ 26 ಅಕ್ಷರಗಳು ಓದುಬರಹ ಬಲ್ಲ ಹೆಚ್ಚಿನವರಿಗೆ ಬಾಯಿಪಾಠವಾಗಿರುತ್ತವೆ. ಹೀಗಿದ್ದರೂ ಫೋನಿನಲ್ಲಿ ಹೆಸರಿನ ಸ್ಪೆಲಿಂಗ್ ಹೇಳುವಾಗ ಅಥವಾ ಇಮೇಲ್ ವಿಳಾಸವನ್ನು ಬರೆಸುವಾಗ ನಾವು ‘ಪಿ’ ಎಂದದ್ದು ಅತ್ತಲಿನವರಿಗೆ ‘ಬಿ’ ಎಂದೂ, ‘ಜೆ’ ಎಂದದ್ದು ‘ಜಿ’ ಎಂದೂ ಕೇಳಿಸುವುದುಂಟು. ಅಕ್ಷರವನ್ನು ಗುರುತಿಸುವುದು ಕಣ್ಣಿನ ಕೆಲಸ. ಕೇಳುವವರಿಗೆ ಸಂಶಯ ಬಾರದಂತೆ ಅದರ ಹೆಸರನ್ನು ಹೇಳುವುದು ನಾಲಿಗೆ, ತುಟಿ ಮತ್ತು ಉಸಿರಿನ ಕೆಲಸ. ಈ ಎರಡನೆಯದನ್ನು ಸಾಮಾನ್ಯವಾಗಿ ಯಾರೂ ಪ್ರತ್ಯೇಕವಾಗಿ ಕಲಿಸುವುದಿಲ್ಲ. ‘ಎ’ಯಿಂದ ಆರಂಭಿಸಿ ‘ಝಡ್’ವರೆಗೆ ಒಪ್ಪಿಸುವ ರೂಢಿಯ ಕ್ರಮ ಇದಕ್ಕೆ ನೆರವಾಗದು, ಅಕ್ಷರಗಳನ್ನು ಅವುಗಳ ಧ್ವನಿಯ ಪ್ರಕಾರ ಗುಂಪು ಮಾಡಿಕೊಂಡು ಅಭ್ಯಾಸ ಮಾಡಿದರೆ ಯಾವುದು ಯಾವುದರೊಂದಿಗೆ ಏಕೆ ಗೊಂದಲವಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ತಿಳಿಯಬೇಕಾದದ್ದು: ಹೆಸರೇ ಧ್ವನಿಯಲ್ಲ

ಕನ್ನಡದಲ್ಲಿ ‘ಕ’ ಎಂಬ ಅಕ್ಷರದ ಹೆಸರೂ ಅದರ ಧ್ವನಿಯೂ ಒಂದೇ ಆಗಿರುವುದರಿಂದ, ಬೇರೆ ಭಾಷೆಯ ಅಕ್ಷರಗಳೂ ಹಾಗೆಯೇ ಇರುತ್ತವೆಂದು ನಾವು ತಿಳಿಯದೆಯೇ ನಂಬಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ‘ಎಚ್’ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲ. ‘ಡಬ್ಲ್ಯೂ’ ಡಕಾರದಿಂದ ಆರಂಭವಾಗುತ್ತದೆ, ಆದರೆ ಆ ಅಕ್ಷರದಿಂದ ಬರೆಯುವ ‘ವಾಟರ್’ ಎಂಬ ಪದದಲ್ಲಿ ಡಕಾರದ ಸುಳಿವಿಲ್ಲ. ‘ವೈ’ ಎಂಬುದು ವಕಾರದಿಂದ ಆರಂಭವಾದರೂ ‘ಯೆಲ್ಲೋ’ ಎಂಬ ಪದದಲ್ಲಿ ಅದು ಯಕಾರವನ್ನು ಸೂಚಿಸುತ್ತದೆ. 26 ಅಕ್ಷರಗಳು ಬ್ರಿಟಿಷ್ ಇಂಗ್ಲಿಷಿನ ಸುಮಾರು 44 ಧ್ವನಿಗಳ ಭಾರವನ್ನು ಹೊರಬೇಕಾಗಿದೆ. ಅದರಲ್ಲೂ ಐದೇ ಸ್ವರಾಕ್ಷರಗಳು ಸುಮಾರು 20 ಸ್ವರಧ್ವನಿಗಳಿಗೆ ಒದಗಬೇಕು. ಆದ್ದರಿಂದ ಹೆಸರುಗಳನ್ನು ಒಮ್ಮೆ ಗಟ್ಟಿ ಮಾಡಿಕೊಂಡು, ಪದಗಳಲ್ಲಿ ಬರುವ ಧ್ವನಿಗಳನ್ನು ಬೇರೆಯಾಗಿ ಕಲಿಯುವುದು ಮೇಲು. ಈ ಲೇಖನ ಹೆಸರುಗಳಿಗೆ ಸೀಮಿತವಾಗಿದೆ.

ಈ ಹೆಸರುಗಳು ಮನಸ್ಸಿಗೆ ಬಂದಂತೆ ಹುಟ್ಟಿದವಲ್ಲ. ಲ್ಯಾಟಿನ್ನಿನಲ್ಲಿ ಗಾಳಿಯನ್ನು ಪೂರ್ತಿ ತಡೆದು ಬಿಡುವ ವ್ಯಂಜನಗಳಿಗೆ ಕೊನೆಯಲ್ಲಿ ಒಂದು ಸ್ವರವನ್ನು ಸೇರಿಸಿ ಹೆಸರಿಡುತ್ತಿದ್ದರು. ‘ಬಿ’, ‘ಡಿ’, ‘ಪಿ’, ‘ಟಿ’ಗಳು ಆ ಸಂತತಿಯವು. ಎಳೆದು ಹೇಳಲು ಬರುವ ವ್ಯಂಜನಗಳಿಗೆ ಸ್ವರವನ್ನು ಆರಂಭದಲ್ಲಿ ಇಡುತ್ತಿದ್ದರು. ‘ಎಫ್’, ‘ಎಲ್’, ‘ಎಂ’, ‘ಎನ್’, ‘ಎಸ್’ಗಳು ಹೀಗೆ ಬಂದವು. ಸ್ವರಾಕ್ಷರಗಳ ಕಥೆ ಇನ್ನೂ ಕುತೂಹಲಕರ. ಹಿಂದೆ ಇಂಗ್ಲಿಷಿನವರೂ ಮೊದಲ ಮೂರು ಸ್ವರಗಳನ್ನು ಹೆಚ್ಚುಕಡಿಮೆ ‘ಆ’, ‘ಏ’, ‘ಈ’ ಎಂದೇ ಕರೆಯುತ್ತಿದ್ದರು. ಸುಮಾರು 1400ರಿಂದ 1700ರವರೆಗೆ ನಡೆದ ಮಹಾ ಸ್ವರಪಲ್ಲಟದಲ್ಲಿ ಆ ಭಾಷೆಯ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದಾಗ ಇವು ಕ್ರಮವಾಗಿ ‘ಏ’, ‘ಈ’, ‘ಐ’ ಆದವು. ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡುವಾಗ ನಾವು ಬಳಸುವುದು ಹಳೆಯ ಬೆಲೆಗಳನ್ನೇ: ನಮ್ಮ ‘ಎ’ಕಾರಕ್ಕೆ ಅವರ ಐದನೆಯ ಅಕ್ಷರ, ನಮ್ಮ ‘ಇ’ಕಾರಕ್ಕೆ ಅವರ ಒಂಬತ್ತನೆಯ ಅಕ್ಷರ. ಸ್ಪೆಲಿಂಗ್ ಹೇಳುವಾಗ ಈ ಮೂರು ಸ್ವರಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗುವುದಕ್ಕೆ ಇದೇ ದೊಡ್ಡ ಕಾರಣವೆಂದು ನನಗನಿಸುತ್ತದೆ.

ಎರಡನೆಯ ಹಂತ: ಅಕ್ಷರಗಳನ್ನು ಸ್ವರದ ಮೇರೆಗೆ ಗುಂಪು ಮಾಡಿಕೊಳ್ಳುವುದು

ಒಂದು ಹಾಳೆಯಲ್ಲಿ ಕೆಳಗಿನ ಗುಂಪುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಳ್ಳಿ. ಒಂದೊಂದು ಗುಂಪಿನ ಅಕ್ಷರಗಳ ಹೆಸರಿನಲ್ಲಿಯೂ ಒಂದೇ ಸ್ವರವಿದೆ.

‘ಏಯ್’ ಗುಂಪು: ಎ, ಎಚ್, ಜೆ, ಕೆ.
‘ಈ’ ಗುಂಪು: ಬಿ, ಸಿ, ಡಿ, ಇ, ಜಿ, ಪಿ, ಟಿ, ವಿ.
‘ಎ’ ಗುಂಪು: ಎಫ್, ಎಲ್, ಎಂ, ಎನ್, ಎಸ್, ಎಕ್ಸ್, ಝಡ್.
‘ಆಯ್’ ಗುಂಪು: ಐ, ವೈ.
‘ಯೂ’ ಗುಂಪು: ಯು, ಕ್ಯೂ, ಡಬ್ಲ್ಯೂ.
ಒಂಟಿಯಾಗಿ ಉಳಿಯುವವು: ಒ, ಆರ್.

ಅಕ್ಷರಮಾಲೆಯ ಕ್ರಮವನ್ನು ಕೆಲವು ದಿನ ಬದಿಗಿಟ್ಟು ಈ ಕ್ರಮದಲ್ಲಿಯೇ ಗಟ್ಟಿಯಾಗಿ ಓದುತ್ತಾ ಬಂದರೆ ‘ಜೆ’ಯು ‘ಕೆ’ಯ ಜೊತೆಯವಳು, ‘ಜಿ’ಯು ‘ಬಿ’ಯ ಜೊತೆಯವಳು ಎಂಬುದು ಕಿವಿಗೆ ಕೂತುಬಿಡುತ್ತದೆ. ಅಮೆರಿಕದ ಪದ್ಧತಿಯಲ್ಲಿ ಕೊನೆಯ ಅಕ್ಷರಕ್ಕೆ ‘ಜ಼ೀ’ ಎಂಬ ಹೆಸರಿರುವುದರಿಂದ ಅಲ್ಲಿ ಅದು ಎರಡನೆಯ ಗುಂಪಿಗೆ ಸೇರುತ್ತದೆ.

ಮೂರನೆಯ ಹಂತ: ಸ್ವರಗಳನ್ನು ತಿದ್ದಿಕೊಳ್ಳುವುದು

ಕನ್ನಡದ ‘ಏ’ ಆರಂಭದಿಂದ ಕೊನೆಯವರೆಗೆ ಒಂದೇ ಸಮನೆ ನಿಲ್ಲುವ ಸ್ವರ. ಇಂಗ್ಲಿಷಿನ ಮೊದಲ ಅಕ್ಷರದ ಹೆಸರು ಹಾಗೆ ನಿಲ್ಲುವುದಿಲ್ಲ. ‘ಎ’ಕಾರದಲ್ಲಿ ಆರಂಭವಾಗಿ ‘ಇ’ಕಾರದ ಕಡೆಗೆ ಜಾರುತ್ತದೆ. ಬಾಯಿಯನ್ನು ಸ್ವಲ್ಪ ತೆರೆದು ಆರಂಭಿಸಿ, ದವಡೆಯನ್ನು ಮೆಲ್ಲನೆ ಮೇಲೆತ್ತುತ್ತಾ ‘ಎಇ’ ಎಂಬುದನ್ನು ಒಂದೇ ಉಸಿರಿನಲ್ಲಿ, ನಡುವೆ ಮುರಿಯದೆ ಹೇಳಬೇಕು. ಅದೇ ಸ್ವರದ ಹಿಂದೆ ಜಕಾರ ಬಂದರೆ ‘ಜೇಯ್’, ಕಕಾರ ಬಂದರೆ ‘ಕೇಯ್’, ಸ್ವರದ ಮುಂದೆ ‘ಚ್’ ಬಂದರೆ ‘ಏಯ್ಚ್’. ಕನ್ನಡದಲ್ಲಿ ‘ಹೆಚ್’ ಎಂದು ಬರೆಯುವ ರೂಢಿ ಬಲವಾಗಿದೆ. ಐರ್ಲೆಂಡಿನಲ್ಲಿಯೂ ಹಕಾರ ಸೇರಿಸಿ ಹೇಳುವವರು ಬಹಳ ಮಂದಿ ಇದ್ದಾರೆ, ಆದ್ದರಿಂದ ಅದನ್ನು ಅರ್ಥವಾಗದ ಉಚ್ಚಾರಣೆ ಎನ್ನಲಾಗದು; ಆದರೆ ನಿಘಂಟುಗಳು ಮೊದಲಿಗೆ ಕೊಡುವ ರೂಪದಲ್ಲಿ ಹಕಾರವಿಲ್ಲ.

‘ಒ’ ಎಂಬ ಅಕ್ಷರವೂ ಇದೇ ರೀತಿ ಜಾರುವ ಸ್ವರ. ಹೇಳಿ ಮುಗಿಸುವ ಹೊತ್ತಿಗೆ ತುಟಿಗಳು ‘ಉ’ಕಾರಕ್ಕೆ ಬೇಕಾದಷ್ಟು ದುಂಡಗಾಗಿರಬೇಕು. ‘ಇ’ ಮಾತ್ರ ಜಾರದೆ ನಿಲ್ಲುವ ದೀರ್ಘ ‘ಈ’ಕಾರ. ಕನ್ನಡದಲ್ಲಿ ಈ ಅಕ್ಷರಗಳನ್ನು ಬಿ, ಸಿ, ಡಿ ಎಂದು ಹ್ರಸ್ವವಾಗಿ ಬರೆಯುವುದರಿಂದ ಹೇಳುವಾಗಲೂ ಗಿಡ್ಡ ಮಾಡುವ ಅಭ್ಯಾಸ ಬೆಳೆದಿದೆ. ಎಂಟೂ ಅಕ್ಷರಗಳನ್ನು ಬೀ, ಸೀ, ಡೀ ಎಂದು ಎಳೆದೇ ಹೇಳಬೇಕು.

ಇನ್ನು ಕನ್ನಡಿಗರಿಗೆ ವಿಶೇಷವಾಗಿ ಅಂಟಿಕೊಂಡಿರುವ ಎರಡು ಅಭ್ಯಾಸಗಳಿವೆ. ಇವೆರಡನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಮೊದಲನೆಯದು, ಪದದ ಆರಂಭದಲ್ಲಿ ‘ಎ’ ಬಂದಾಗ ಅದರ ಹಿಂದೆ ಸಣ್ಣ ಯಕಾರವನ್ನೂ, ‘ಒ’ ಬಂದಾಗ ಸಣ್ಣ ವಕಾರವನ್ನೂ ಸೇರಿಸುವುದು. ಕನ್ನಡ ಮಾತಿನಲ್ಲಿ ಇದು ಸಹಜ, ಯಾರ ಗಮನಕ್ಕೂ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಇದರಿಂದ ‘ಯೆಫ್, ಯೆಲ್, ಯೆಮ್, ಯೆನ್, ಯೆಸ್’ ಎಂಬ ಸಾಲು ಹುಟ್ಟುತ್ತದೆ. ಕೊನೆಯದಂತೂ ‘ಹೌದು’ ಎಂಬರ್ಥದ ಇಂಗ್ಲಿಷ್ ಪದವೇ ಆಗಿಬಿಡುತ್ತದೆ. ತಿದ್ದಿಕೊಳ್ಳಲು ಒಂದು ಉಪಾಯವಿದೆ: ಮೊದಲು ‘ಆ’ ಎಂದು ಬಾಯಿ ತೆರೆದು, ಧ್ವನಿ ನಿಲ್ಲಿಸದೆ ‘ಆ… ಎ…’ ಎಂದು ಸಾಗಿ, ನಂತರ ‘ಎ’ಯಿಂದಲೇ ನೇರವಾಗಿ ‘ಎಲ್’ ಎನ್ನಬೇಕು. ಯಕಾರಕ್ಕೆ ನಾಲಿಗೆಯ ನಡುಭಾಗ ಅಂಗುಳಿನತ್ತ ಏರಬೇಕಾಗುತ್ತದೆ. ದವಡೆ ಮೊದಲೇ ಕೆಳಗಿಳಿದಿದ್ದರೆ ಅದಕ್ಕೆ ಅವಕಾಶವಾಗುವುದಿಲ್ಲ.

ಎರಡನೆಯ ಅಭ್ಯಾಸ ಕೊನೆಗೆ ಉಕಾರ ಸೇರಿಸುವುದು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ವ್ಯಂಜನದಲ್ಲಿ ಮುಗಿಯುವ ಹೆಸರುಗಳು ‘ಎಲ್ಲು’, ‘ಎಮ್ಮು’, ‘ಎಸ್ಸು’, ‘ಆರು’ ಎಂದಾಗುತ್ತವೆ. ‘ಆರು’ ಎಂದರೆ ಅಕ್ಷರವೋ ಸಂಖ್ಯೆಯೋ ಎಂದು ಕೇಳಬೇಕಾಗುತ್ತದೆ. ‘ಎಲ್’ ಎಂದ ಮೇಲೆ ನಾಲಿಗೆಯ ತುದಿಯನ್ನು ಮೇಲೆ ಒತ್ತಿಯೇ ಹಿಡಿದು ಧ್ವನಿಯನ್ನು ನಿಲ್ಲಿಸಿ. ‘ಎಂ’ ಎಂದ ಮೇಲೆ ತುಟಿಗಳನ್ನು ಮುಚ್ಚಿಯೇ ಇರಿ. ತೆರೆದರೆ ಉಕಾರ ಹೊರಬರುತ್ತದೆ.

ನಾಲ್ಕನೆಯ ಹಂತ: ‘ಈ’ ಗುಂಪಿನ ಎಂಟು ಅಕ್ಷರಗಳು

ಅತಿ ಹೆಚ್ಚು ಅಪಾರ್ಥ ಹುಟ್ಟುವುದು ಇಲ್ಲಿಯೇ. ಮಾತನ್ನು ಗುರುತಿಸುವ ಯಂತ್ರಗಳನ್ನು ರೂಪಿಸುವ ತಂತ್ರಜ್ಞರೂ ಈ ಅಕ್ಷರಗಳಿಗೆ ‘ಇ ಗುಂಪು’ ಎಂದೇ ಹೆಸರಿಟ್ಟು, ಇದನ್ನು ಕಠಿಣ ಪರೀಕ್ಷೆಯಾಗಿ ಬಳಸುತ್ತಾ ಬಂದಿದ್ದಾರೆ. ಎಂಟರಲ್ಲಿಯೂ ಉದ್ದವಾಗಿ ಕೇಳಿಸುವ ಭಾಗ ಒಂದೇ ‘ಈ’ಕಾರ, ವ್ಯತ್ಯಾಸವೆಲ್ಲ ಮೊದಲಿನ ಕ್ಷಣಮಾತ್ರದ ವ್ಯಂಜನದಲ್ಲಿ ಅಡಗಿದೆ. ಆ ಕ್ಷಣ ಅಸ್ಪಷ್ಟವಾದರೆ ಉಳಿದದ್ದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಪ್ರಯೋಜನವಿಲ್ಲ.

‘ಪಿ’ ಮತ್ತು ‘ಬಿ’ಯಿಂದ ಆರಂಭಿಸಿ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರು ಒತ್ತು ಬೀಳುವ ಕಡೆ ಪಕಾರವನ್ನು ಉಸಿರಿನ ರಭಸದೊಂದಿಗೆ ಹೇಳುತ್ತಾರೆ. ಅದು ನಮ್ಮ ಅಲ್ಪಪ್ರಾಣ ‘ಪ’ಕ್ಕಿಂತ ಮಹಾಪ್ರಾಣಕ್ಕೆ ಹತ್ತಿರ. ಉಸಿರಿಲ್ಲದ ಪಕಾರ ಅವರ ಕಿವಿಗೆ ಬಕಾರದಂತೆ ಕೇಳಿಸುತ್ತದೆ. ಕನ್ನಡಿಗರು ಕನ್ನಡಿಗರೊಡನೆ ಮಾತನಾಡುವಾಗ ಇದು ತೊಂದರೆ ಕೊಡದಿರುವುದರಿಂದಲೇ ನಮಗೆ ಈ ದೋಷ ಗೊತ್ತಾಗುವುದಿಲ್ಲ. ತೆಳುವಾದ ಕಾಗದದ ಪಟ್ಟಿಯೊಂದನ್ನು ಬಾಯಿಯ ಮುಂದೆ ನಾಲ್ಕು ಬೆರಳಿನ ದೂರದಲ್ಲಿ ತೂಗುಹಾಕಿದಂತೆ ಹಿಡಿದು ‘ಪೀ’ ಎನ್ನಿ, ಕಾಗದ ಅಲುಗಬೇಕು. ‘ಬೀ’ ಎಂದಾಗ ಅಲುಗಬಾರದು. ‘ಟಿ’, ‘ಕೆ’, ‘ಕ್ಯೂ’ಗಳಿಗೂ ಇದೇ ಉಸಿರು ಬೇಕು, ಆದರೆ ಅವುಗಳಲ್ಲಿ ಗಾಳಿ ಬಾಯಿಯ ಒಳಗಿನಿಂದ ಹೊರಡುವುದರಿಂದ ಕಾಗದ ಅಷ್ಟು ಜೋರಾಗಿ ಅಲುಗುವುದಿಲ್ಲ, ಅಂಗೈಯನ್ನು ಹತ್ತಿರ ಹಿಡಿದು ಉಸಿರನ್ನು ಪರೀಕ್ಷಿಸಬಹುದು. ಹಾಗೆಂದು ಪಕಾರವನ್ನು ಉಸಿರಿನಿಂದ ತುಂಬುವ ಭರದಲ್ಲಿ ಹಲ್ಲು ತುಟಿಗೆ ತಗುಲುವ ‘ಫ಼ೀ’ ಆಗಬಾರದು.

‘ಟಿ’ ಮತ್ತು ‘ಡಿ’ಗಳಲ್ಲಿ ನಾಲಿಗೆಯ ಜಾಗವೂ ಬದಲಾಗಬೇಕು. ಕನ್ನಡದ ಟಕಾರಕ್ಕೆ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ತಕಾರಕ್ಕೆ ಹಲ್ಲಿಗೆ ತಾಗುತ್ತದೆ. ಇಂಗ್ಲಿಷಿನ ಧ್ವನಿ ಇವೆರಡರ ನಡುವೆ, ಮೇಲಿನ ಹಲ್ಲುಗಳ ಹಿಂದಿನ ಉಬ್ಬಿನ ಮೇಲೆ ಹುಟ್ಟುತ್ತದೆ. ಆ ಉಬ್ಬನ್ನು ಹುಡುಕಲು ‘ಲ’ ಎಂದು ಹೇಳಿ ನಾಲಿಗೆಯನ್ನು ಅಲ್ಲಿಯೇ ಒತ್ತಿ ಹಿಡಿಯಿರಿ. ಅದೇ ಜಾಗದಿಂದ ಉಸಿರಿನೊಂದಿಗೆ ನಾಲಿಗೆಯನ್ನು ಬಿಟ್ಟರೆ ‘ಟಿ’, ಕಂಠದ ನಾದದೊಂದಿಗೆ ಬಿಟ್ಟರೆ ‘ಡಿ’.

‘ವಿ’ಯಲ್ಲಿ ಮೇಲಿನ ಮುಂಭಾಗದ ಹಲ್ಲುಗಳು ಕೆಳತುಟಿಯ ಒಳ ಅಂಚಿಗೆ ನಿಜವಾಗಿಯೂ ತಾಗಬೇಕು, ತುಟಿಯಲ್ಲಿ ಸಣ್ಣ ಕಂಪನ ತಿಳಿಯಬೇಕು. ಕನ್ನಡದ ವಕಾರದಲ್ಲಿ ಈ ತಾಗುವಿಕೆ ಬಹಳ ಸಡಿಲ. ಕನ್ನಡಿಯ ಮುಂದೆ ನಿಂತು ‘ಬಿ’ ಮತ್ತು ‘ವಿ’ಗಳನ್ನು ಒಂದಾದ ಮೇಲೊಂದು ಹೇಳಿದರೆ, ಮೊದಲನೆಯದರಲ್ಲಿ ತುಟಿಗಳು ಮುಚ್ಚುವುದೂ ಎರಡನೆಯದರಲ್ಲಿ ಹಲ್ಲು ಕಾಣುವುದೂ ಗೋಚರಿಸುತ್ತದೆ. ‘ಸಿ’ಯು ಸಕಾರವೇ ಹೊರತು ಶಕಾರವಲ್ಲ. ‘ಜಿ’ಯ ಜಕಾರ ನಮ್ಮದಕ್ಕೆ ಹತ್ತಿರವಾದದ್ದೇ; ಅಲ್ಲಿ ಎಚ್ಚರ ಬೇಕಾದದ್ದು ಸ್ವರದ ವಿಷಯದಲ್ಲಿ ಮಾತ್ರ.

ಐದನೆಯ ಹಂತ: ಕನ್ನಡದಲ್ಲಿಲ್ಲದ ಎರಡು ಧ್ವನಿಗಳು

‘ಎಫ್’ ಎಂಬುದರ ಕೊನೆಯ ಧ್ವನಿಯೂ ‘ಝಡ್’ ಎಂಬುದರ ಮೊದಲ ಧ್ವನಿಯೂ ಕನ್ನಡ ವರ್ಣಮಾಲೆಯಲ್ಲಿ ಇಲ್ಲ. ಅದಕ್ಕಾಗಿಯೇ ಅಕ್ಷರದ ಕೆಳಗೆ ಚುಕ್ಕಿಗಳನ್ನಿಟ್ಟು ‘ಫ಼’, ‘ಜ಼’ ಎಂದು ಬರೆಯುವ ಕ್ರಮ ಬಂದಿದೆ. ‘ಎಫ್’ಗೆ ‘ವಿ’ಯಲ್ಲಿ ಮಾಡಿದಂತೆಯೇ ಹಲ್ಲನ್ನು ಕೆಳತುಟಿಗೆ ತಾಗಿಸಿ, ನಾದವಿಲ್ಲದೆ ಗಾಳಿಯನ್ನಷ್ಟೇ ಬಿಡಬೇಕು, ಗಾಳಿ ನಿಲ್ಲದೆ ಹರಿಯುತ್ತಿರಬೇಕು.

‘ಝ’ ಎಂಬುದು ಜಕಾರದ ಮಹಾಪ್ರಾಣ. ಇಂಗ್ಲಿಷಿನ ಕೊನೆಯ ಅಕ್ಷರಕ್ಕೂ ಅದಕ್ಕೂ ಬರವಣಿಗೆಯ ರೂಢಿಯ ಹೊರತು ಸಂಬಂಧವಿಲ್ಲ. ಸರಿಯಾದ ಧ್ವನಿ ಬೇಕಾದರೆ ಉದ್ದವಾಗಿ ‘ಸ್‌ಸ್‌ಸ್’ ಎನ್ನುತ್ತಾ, ನಾಲಿಗೆಯನ್ನು ಕದಲಿಸದೆ, ಕಂಠದಿಂದ ನಾದವನ್ನು ಸೇರಿಸಿ. ಗಂಟಲಿನ ಮೇಲಿಟ್ಟ ಬೆರಳಿಗೆ ಅದುರುವಿಕೆ ತಿಳಿದರೆ ‘ಜ಼’ ಸಿಕ್ಕಿತೆಂದು ತಿಳಿಯಬಹುದು. ಜಕಾರವನ್ನು ಹೀಗೆ ಎಳೆಯಲಾಗದು, ಏಕೆಂದರೆ ಅದರ ಆರಂಭದಲ್ಲಿ ಗಾಳಿ ತಡೆಯಲ್ಪಡುತ್ತದೆ. ಈ ಅಕ್ಷರಕ್ಕೆ ಬ್ರಿಟಿಷರು ‘ಜ಼ೆಡ್’ ಎಂದೂ ಅಮೆರಿಕನ್ನರು ‘ಜ಼ೀ’ ಎಂದೂ ಹೇಳುತ್ತಾರೆ. ಎರಡೂ ಸರಿಯೇ. ಆದರೆ ‘ಜ಼ೀ’ ಎಂಬುದು ‘ಸಿ’, ‘ಜಿ’, ‘ವಿ’ಗಳ ಗುಂಪಿಗೆ ಇನ್ನೊಬ್ಬ ಸದಸ್ಯನನ್ನು ಸೇರಿಸಿ ಗೊಂದಲವನ್ನು ಹೆಚ್ಚಿಸುವುದರಿಂದ, ಆಯ್ಕೆಯಿರುವವರು ‘ಜ಼ೆಡ್’ ಎಂಬುದನ್ನೇ ಹಿಡಿಯುವುದು ಜಾಣತನ.

ಉಳಿದ ಅಕ್ಷರಗಳು

‘ಆರ್’ನಲ್ಲಿ ನಾಲಿಗೆಯನ್ನು ಕನ್ನಡದ ರಕಾರದಂತೆ ಅದುರಿಸಬೇಕಾಗಿಲ್ಲ. ದಕ್ಷಿಣ ಇಂಗ್ಲೆಂಡಿನ ಮಾದರಿ ಉಚ್ಚಾರಣೆಯಲ್ಲಿ ಅದು ಕೇವಲ ದೀರ್ಘ ‘ಆ’. ಅಮೆರಿಕದಲ್ಲಿ ನಾಲಿಗೆ ಹಿಂದಕ್ಕೆ ಸರಿದು, ಎಲ್ಲಿಯೂ ತಾಗದೆ ನಿಲ್ಲುತ್ತದೆ. ‘ಎಕ್ಸ್’ನಲ್ಲಿ ಕಕಾರ ಸಕಾರಗಳ ನಡುವೆ ಯಾವ ಸ್ವರವೂ ನುಸುಳಬಾರದು, ಸಕಾರವು ಷಕಾರವಾಗಲೂಬಾರದು. ‘ಕ್ಯೂ’ವನ್ನು ‘ಕಿಯೂ’ ಎಂದು ಎರಡಾಗಿ ಒಡೆಯದೆ ಒಂದೇ ಉಚ್ಚಾರದಲ್ಲಿ ಹೇಳಬೇಕು.

‘ವೈ’ಯಲ್ಲಿ ಹಲ್ಲಿಗೆ ಕೆಲಸವೇ ಇಲ್ಲ. ‘ಉ’ ಎನ್ನುವಂತೆ ತುಟಿಗಳನ್ನು ದುಂಡಗೆ ಮಾಡಿ, ಅಲ್ಲಿಂದ ‘ಆಯ್’ಗೆ ಬೇಗನೆ ತೆರೆಯಬೇಕು. ‘ವಿ’ಯ ಹಲ್ಲು ಮತ್ತು ‘ವೈ’ಯ ತುಟಿ ಎಂಬ ಈ ವ್ಯತ್ಯಾಸವನ್ನು ಇಲ್ಲಿಯೇ ಅಭ್ಯಾಸ ಮಾಡಿಕೊಂಡರೆ ಮುಂದೆ ಪದಗಳ ಉಚ್ಚಾರಣೆಯಲ್ಲಿಯೂ ಅದು ಕೈಹಿಡಿಯುತ್ತದೆ. ‘ಡಬ್ಲ್ಯೂ’ ಎಂಬುದು ‘ಎರಡು ಯು’ಗಳ ಜೋಡಿ ಎಂಬರ್ಥದ ಹೆಸರು, ಅದನ್ನು ‘ಡ-ಬಲ್-ಯೂ’ ಎಂದು ಮೂರು ಭಾಗಗಳಲ್ಲಿ, ಮೊದಲ ಭಾಗಕ್ಕೆ ಒತ್ತು ಕೊಟ್ಟು ಹೇಳುವುದು ಕ್ರಮ. ಒಂದಕ್ಕಿಂತ ಹೆಚ್ಚು ಭಾಗಗಳಿರುವ ಅಕ್ಷರನಾಮ ಇದೊಂದೇ. ವೆಬ್ ವಿಳಾಸದ ಆರಂಭದ ಮೂರು ಡಬ್ಲ್ಯೂಗಳನ್ನು ಹೇಳಲು ಒಂಬತ್ತು ಭಾಗಗಳು ಬೇಕು, ಅವು ಪ್ರತಿನಿಧಿಸುವ ‘ವರ್ಲ್ಡ್ ವೈಡ್ ವೆಬ್’ ಎಂಬ ಪೂರ್ಣ ಹೆಸರಿಗೆ ಮೂರೇ ಸಾಕು!

ಅಭ್ಯಾಸ ಮಾಡುವ ಬಗೆ

ಮಕ್ಕಳಿಗೆ ಕಲಿಸುವ ಅಕ್ಷರಮಾಲೆಯ ಹಾಡು ಕ್ರಮವನ್ನು ನೆನಪಿಡಲು ಒಳ್ಳೆಯದು, ಉಚ್ಚಾರಣೆಗೆ ಅಷ್ಟು ಒಳ್ಳೆಯದಲ್ಲ. ಅದರ ಧಾಟಿಯಲ್ಲಿ ‘ಎಲ್’ನಿಂದ ‘ಒ’ವರೆಗಿನ ನಾಲ್ಕು ಅಕ್ಷರಗಳು ಇಮ್ಮಡಿ ವೇಗದಲ್ಲಿ ಬಂದು, ಮುಂದಿನ ‘ಪಿ’ಯೂ ಸೇರಿ ಐದೂ ಒಂದೇ ಪದದಂತೆ ಬೆಸೆದುಕೊಳ್ಳುತ್ತವೆ. ಹಾಡನ್ನು ಬಿಡಬೇಕಾಗಿಲ್ಲ, ಆದರೆ ಆ ಐದನ್ನು ಪ್ರತ್ಯೇಕವಾಗಿ ನಿಲ್ಲಿಸಿ ನಿಲ್ಲಿಸಿ ಹೇಳಿಸಬೇಕು.

ದೊಡ್ಡವರಿಗೆ ಇಬ್ಬರು ಕೂಡಿ ಮಾಡುವ ಉಕ್ತಲೇಖನಕ್ಕಿಂತ ಉತ್ತಮವಾದ ಸಾಧನ ಇನ್ನೊಂದಿಲ್ಲ. ಪರಸ್ಪರ ಮುಖ ಕಾಣದಂತೆ ಕುಳಿತು, ಒಬ್ಬರು ಅರ್ಥವಿಲ್ಲದ ಐದಾರು ಅಕ್ಷರಗಳ ಸಾಲನ್ನು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಪರಿಚಿತ ಪದಗಳನ್ನು ಹೇಳಿದರೆ ಕೇಳುವವರು ಊಹಿಸಿ ಬರೆದುಬಿಡುತ್ತಾರೆ, ಆದ್ದರಿಂದ ಪದವಾಗದ ಸಾಲುಗಳೇ ಬೇಕು. ಜೊತೆಗಾರರಿಲ್ಲದಿದ್ದರೆ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಮರುದಿನ ಆ ಸಾಲು ಮರೆತ ಮೇಲೆ ಕೇಳಿ ಬರೆದು ನೋಡಬಹುದು. ಮಾತನ್ನು ಬರಹಕ್ಕಿಳಿಸುವ ಸೌಲಭ್ಯವನ್ನೂ ಬಳಸಬಹುದಾದರೂ, ಅದು ಹಿಂದುಮುಂದಿನ ಸಂದರ್ಭ ನೋಡಿ ಊಹಿಸುವುದರಿಂದ ಅದರ ತೀರ್ಪನ್ನು ಪೂರ್ತಿ ನಂಬಬಾರದು. ದಿನಕ್ಕೆ ಹತ್ತು ನಿಮಿಷ, ಒಂದು ಹೊತ್ತಿಗೆ ಒಂದೇ ಗುಂಪು ಎಂಬ ಮಿತಿ ಸಾಕು.

ಹೆಸರುಗಳು ಗಟ್ಟಿಯಾದ ಮೇಲೆ ಸಂಕ್ಷಿಪ್ತ ಪದಗಳಿಗೆ ಬನ್ನಿ. ‘ಟಿವಿ’, ‘ಡಿವಿಡಿ’, ‘ಎಟಿಎಂ’ ಮುಂತಾದವುಗಳಲ್ಲಿ ಇಂಗ್ಲಿಷಿನವರು ಮುಖ್ಯ ಒತ್ತನ್ನು ಕೊನೆಯ ಅಕ್ಷರಕ್ಕೆ ಕೊಡುತ್ತಾರೆ. ನಾವು ಎಲ್ಲಕ್ಕೂ ಒಂದೇ ತೂಕ ಕೊಡುತ್ತೇವೆ. ಅಕ್ಷರದ ಹೆಸರು ವ್ಯಾಕರಣದಲ್ಲಿಯೂ ಕೆಲಸ ಮಾಡುತ್ತದೆ. ಎ, ಇ, ಎಫ್, ಎಚ್, ಐ, ಎಲ್, ಎಂ, ಎನ್, ಒ, ಆರ್, ಎಸ್, ಎಕ್ಸ್ ಎಂಬ 12 ಅಕ್ಷರಗಳ ಹೆಸರು ಸ್ವರಧ್ವನಿಯಿಂದ ಆರಂಭವಾಗುವುದರಿಂದ, ಇವುಗಳಿಂದ ಆರಂಭವಾಗುವ ಸಂಕ್ಷಿಪ್ತ ಪದವನ್ನು ಅಕ್ಷರ ಬಿಡಿಸಿ ಓದುವಾಗ ಅದರ ಹಿಂದೆ ‘ಎ’ ಬದಲು ‘ಆ್ಯನ್’ ಬರಬೇಕು: ‘ಆ್ಯನ್ ಎಂಬಿಎ’. ‘ಯು’ ಸ್ವರಾಕ್ಷರವೇ ಆದರೂ ಅದರ ಹೆಸರು ಯಕಾರದಿಂದ ಆರಂಭವಾಗುವುದರಿಂದ ‘ಎ ಯುಎಸ್‌ಬಿ’ ಎನ್ನಬೇಕು. ‘ಯೆಂಬಿಎ’ ಎಂದು ಉಚ್ಚರಿಸುವವರಿಗೆ ಈ ನಿಯಮ ಕಿವಿಯಿಂದ ಹೊಳೆಯುವುದೇ ಇಲ್ಲ, ಬರೆಯುವಾಗ ತಪ್ಪುತ್ತಾರೆ.

ಫೋನಿನಲ್ಲಿ ಸ್ಪೆಲಿಂಗ್ ಹೇಳುವಾಗ

ಉಚ್ಚಾರಣೆ ಎಷ್ಟೇ ಶುದ್ಧವಾಗಿದ್ದರೂ ಫೋನಿಗೆ ತನ್ನದೇ ಮಿತಿಯಿದೆ. ಹಳೆಯ ಬಗೆಯ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ‘ಎಸ್’ ಮತ್ತು ‘ಎಫ್’ಗಳನ್ನು ಬೇರ್ಪಡಿಸುವ ಸೂಕ್ಷ್ಮ ಸದ್ದಿನ ಹೆಚ್ಚಿನ ಪಾಲು ಅದಕ್ಕಿಂತ ಮೇಲಿದೆ. ‘ಎಂ’ ಮತ್ತು ‘ಎನ್’ಗಳನ್ನು ಎದುರಿಗಿದ್ದಾಗ ತುಟಿ ನೋಡಿ ಗುರುತಿಸಬಹುದು, ಫೋನಿನಲ್ಲಿ ಅದೂ ಇಲ್ಲ.

ಇಂತಹ ಕಡೆ ಸಂಕೇತಪದಗಳ ನೆರವು ಪಡೆಯಬೇಕು. ವಿಮಾನಯಾನದಲ್ಲಿ 1956ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪಟ್ಟಿ ಹೀಗಿದೆ: ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ, ಎಕೊ, ಫಾಕ್ಸ್‌ಟ್ರಾಟ್, ಗಾಲ್ಫ್, ಹೋಟೆಲ್, ಇಂಡಿಯಾ, ಜೂಲಿಯೆಟ್, ಕಿಲೊ, ಲೀಮಾ, ಮೈಕ್, ನವೆಂಬರ್, ಆಸ್ಕರ್, ಪಾಪಾ, ಕೆಬೆಕ್, ರೋಮಿಯೊ, ಸಿಯೆರಾ, ಟ್ಯಾಂಗೊ, ಯೂನಿಫಾರ್ಮ್, ವಿಕ್ಟರ್, ವಿಸ್ಕಿ, ಎಕ್ಸ್‌ರೇ, ಯಾಂಕಿ, ಜ಼ುಲು. ಪೂರ್ತಿ ಪಟ್ಟಿ ಬಾಯಿಪಾಠವಾಗದಿದ್ದರೂ ತಮ್ಮ ಹೆಸರಿನಲ್ಲಿ ಬರುವ ಅಕ್ಷರಗಳ ಸಂಕೇತಗಳನ್ನು ಕಲಿತಿಟ್ಟುಕೊಳ್ಳುವುದು ಯಾರಿಗೂ ಕಷ್ಟವಲ್ಲ.

ಸ್ಪೆಲಿಂಗನ್ನು ಮೂರು ಮೂರು ಅಕ್ಷರಗಳಂತೆ, ನಡುವೆ ಬಿಡುವು ಕೊಟ್ಟು ಹೇಳಬೇಕು. ಒಂದೇ ಅಕ್ಷರ ಎರಡು ಬಾರಿ ಬಂದಾಗ ‘ಡಬಲ್ ಎಲ್’ ಎಂಬಂತೆ ಹೇಳುವ ರೂಢಿಯಿದೆ. ‘ಯು’ ಎರಡು ಬಾರಿ ಬಂದಾಗ ಮಾತ್ರ ಹಾಗೆ ಹೇಳದೆ ‘ಯು, ಯು’ ಎಂದು ಬಿಡಿಸಿ ಹೇಳಬೇಕು, ಇಲ್ಲವಾದರೆ ಅತ್ತಲಿನವರು ಡಬ್ಲ್ಯೂ ಬರೆದುಕೊಳ್ಳುತ್ತಾರೆ. ಸೊನ್ನೆಯನ್ನು ‘ಓ’ ಎನ್ನುವ ಅಭ್ಯಾಸವನ್ನು ಅಕ್ಷರ ಮತ್ತು ಅಂಕಿಗಳು ಬೆರೆತಿರುವ ಕಡೆ ಬಿಟ್ಟು, ‘ಜ಼ೀರೋ’ ಎಂದೇ ಹೇಳಬೇಕು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಬರೆದುಕೊಂಡದ್ದನ್ನು ಒಮ್ಮೆ ಓದಿ ಹೇಳುವಂತೆ ಅವರನ್ನು ಕೇಳಬೇಕು. ಅವರು ತಪ್ಪಿ ಓದಿದ ಅಕ್ಷರ ಯಾವ ಗುಂಪಿನದೆಂದು ಗಮನಿಸಿಟ್ಟುಕೊಂಡರೆ ಮರುದಿನದ ಅಭ್ಯಾಸ ಯಾವುದೆಂಬುದು ಗೊತ್ತಾಗುತ್ತದೆ.